ಇನ್ನಾಸಿಯ ಬರಿಗಾಲಿನ ತಪಸ್ಸುಕಾಲ

"ಚಪ್ಪಲಿ ಬಿಡೋದು ಎಲ್ಲಿ, ಅಳಿಯಂದ್ರೇ?"

ಅತ್ತೆ ಲೂರ್ದಮ್ಮನವರು ಕೇಳಿದ್ದು ಇಷ್ಟೇ. ಜರ್ಮನಿಯ ಹರ್ಟ್ಸೋಗೆನಾವ್‌ರಾಕ್ ಪಕ್ಕದ ಒಂದು ಸಣ್ಣ ಊರಿನ ಚರ್ಚಿನ ಬಾಗಿಲಲ್ಲಿ, ಮಾರ್ಚ್ ತಿಂಗಳ ಒಂದು ಭಾನುವಾರ, ಪೂಜೆಗೆ ಇನ್ನು ಐದು ನಿಮಿಷ ಇರುವಾಗ. ಆದರೆ ಇನ್ನಾಸಿಗೆ ಆ ಚಳಿಯಲ್ಲೂ ಕತ್ತಿನ ಹಿಂದೆ ಬೆವರು ಒಡೆಯಿತು. ಏಕೆಂದರೆ ಆರು ವರ್ಷದಿಂದ ಪ್ರತಿ ಭಾನುವಾರ ಈ ಚರ್ಚಿಗೆ ತಪ್ಪದೆ ಬರುತ್ತಿದ್ದೇನೆ ಎಂದು ಅತ್ತೆಗೆ ಫೋನಿನಲ್ಲಿ ಹೇಳುತ್ತಾ ಬಂದ ಈ ಮಹಾನುಭಾವ, ಅದರೊಳಗೆ ಕಾಲಿಡಲು ಹೊರಟಿದ್ದು ಅಂದೇ ಮೊದಲು.

ಬರೀ 'ಬರುತ್ತೇನೆ' ಎಂದಿದ್ದರೆ ಹೇಗೋ ಆಗುತ್ತಿತ್ತು. ಮೊದಲ ವರ್ಷ 'ಹೋಗ್ತಾ ಇರ್ತೀನಿ ಅತ್ತೆ' ಎಂದ. ಎರಡನೆಯ ವರ್ಷ 'ಮುಂದಿನ ಸಾಲಲ್ಲೇ ಕೂರೋದು' ಎಂದ. ಹೋದ ಕ್ರಿಸ್ಮಸ್ಸಿಗೆ 'ನಾನು ಹೋಗೋವರ್ಗೂ ಗಂಟೆ ಹೊಡೆಯಲ್ಲ' ಎನ್ನುವವರೆಗೆ ಬಂದಿದ್ದ. ಸುಳ್ಳೆಂದರೆ ಮನೆಯಲ್ಲಿ ಸಾಕಿದ ಮೇಕೆಮರಿ ಇದ್ದ ಹಾಗೆ. ದಿನಾ ಏನಾದರೂ ಹಾಕುತ್ತಲೇ ಇರಬೇಕು, ಇಲ್ಲದಿದ್ದರೆ ಅರಚುತ್ತದೆ.

ಜ್ಞಾನಸ್ನಾನದ ಹೆಸರು ಇಗ್ನೇಷಿಯಸ್. ಕನಕಪುರದ ಕಡೆಯ ಮನೆಯಲ್ಲಿ ಇನ್ನಾಸಿ. ವಯಸ್ಸು ನಲವತ್ತೆರಡು. ಉದ್ಯೋಗ, ಎಂಜಿನಿಯರಿಂಗ್ ಕಂಪನಿಯೊಂದರಲ್ಲಿ ಬೇರಿಂಗುಗಳನ್ನು ಪರೀಕ್ಷಿಸುವುದು. ಕೂದಲೆಳೆಯಷ್ಟು ಡೊಂಕಿದ್ದ ಬೇರಿಂಗನ್ನೂ ಪಕ್ಕಕ್ಕೆ ಎಸೆಯುವ ಈ ಮನುಷ್ಯ ತಾನು ಮಾತ್ರ ಚರ್ಚಿನ ಗುರುಗಳ ಮುಂದೆ ಪಾಪನಿವೇದನೆ ಮಾಡಿ ಹನ್ನೊಂದು ವರ್ಷವಾಗಿತ್ತು. ಹೆಂಡತಿ ಲಾವಣ್ಯಾ ಆಸ್ಪತ್ರೆಯಲ್ಲಿ ನರ್ಸ್. ಆಕೆಗೆ ಎಲ್ಲವೂ ಗೊತ್ತು. "ನೀವು ಹೆತ್ತ ಸುಳ್ಳು, ನೀವೇ ಸಾಕ್ಕೊಳ್ಳಿ" ಎಂದು ಆ ಭಾನುವಾರ ಬೆಳಗಿನ ಪಾಳಿಗೆ ಹೊರಟುಹೋಗಿದ್ದಳು.

ಲೂರ್ದಮ್ಮನವರು ವಿಮಾನ ಹತ್ತಿದ್ದು ಮೊಮ್ಮಗಳು ಪವಿಯ ಮೊದಲ ಪರಮಪ್ರಸಾದಕ್ಕೆ. ಪಾಸ್ಖ, ಅಂದರೆ ಈಸ್ಟರ್ ಹಬ್ಬದ ಮುಂದಿನ ಭಾನುವಾರ ಒಂಬತ್ತು ವರ್ಷದ ಪವಿ ಬಿಳಿ ಗೌನು ತೊಟ್ಟು ಪ್ರಸಾದ ಸ್ವೀಕರಿಸಬೇಕು. ಅವಳ ಹಿಂದೆ ಅಜ್ಜಿ, ಅಮ್ಮ, ಅಪ್ಪ. "ನಾವು ನಾಲ್ಕೂ ಜನ ಒಂದೇ ಸಾಲಲ್ಲಿ ನಿಲ್ಲೋದನ್ನ ನೋಡ್ಬೇಕು, ಅಷ್ಟೇ. ಆಮೇಲೆ ದೇವರು ಕರೆದ್ರೂ ಸರಿ, ಏರ್ ಇಂಡಿಯಾದೋರು ಕರೆದ್ರೂ ಸರಿ" ಎಂದು ಬಂದಿಳಿದ ದಿನವೇ ಅತ್ತೆ ಹೇಳಿದ್ದರು. ಪಾಪನಿವೇದನೆ ಮಾಡದೆ ಆ ಸಾಲಿನಲ್ಲಿ ನಿಂತರೆ ದೇವರಿಗೆ ಮೋಸ. ನಿಲ್ಲದೆ ಬೆಂಚಿನಲ್ಲೇ ಕೂತರೆ ಅತ್ತೆಗೂ ಮಗಳಿಗೂ ಮುಖ ತೋರಿಸುವಂತಿಲ್ಲ. ಇನ್ನಾಸಿಯ ಸಂಕಟ ಇದು.

ಸದ್ಯಕ್ಕೆ ಚಪ್ಪಲಿಯ ಸಂಕಟ. ಊರಿನಲ್ಲಿ ಅವರ ಚರ್ಚಿಗೆ ಯಾರೂ ಮೆಟ್ಟು ಮೆಟ್ಟಿಕೊಂಡು ಹೋಗುವುದಿಲ್ಲ. ಇಲ್ಲಿ ಹೇಗೋ? ಇನ್ನಾಸಿ ಬಾಗಿಲನ್ನು ಜೋರಾಗಿ ತಳ್ಳಿದ. ಅದು ಅಲುಗಲಿಲ್ಲ. ಹಿಂದಿನಿಂದ ಬಂದ ಮುದುಕರೊಬ್ಬರು ನಿಧಾನವಾಗಿ ಎಳೆದರು, ತೆರೆಯಿತು. ಒಳಗಿನ ಮೊಗಸಾಲೆಯಲ್ಲಿ ಒಂದು ಮರದ ಪೆಟ್ಟಿಗೆ, ಅದರ ತುಂಬಾ ಜೋಡಿ ಜೋಡಿ ಶೂಗಳು. ಮೇಲೊಂದು ಜರ್ಮನ್ ಚೀಟಿ. ಚೀಟಿ ಓದುವ ಅಭ್ಯಾಸ ಇನ್ನಾಸಿಗೆ ಇರಲಿಲ್ಲ. ಶೂ ಕಂಡಿತಲ್ಲ, ಸಾಕು.

"ಇಗೋ, ಇಲ್ಲೇ ಅತ್ತೆ! ಇಲ್ಲೂ ನಮ್ಮೂರ ಥರಾನೇ" ಎಂದು ಗೆದ್ದವನಂತೆ ಹೇಳಿ, ಕೊಂಡು ಇನ್ನೂ ವಾರವಾಗದ ನೀಲಿ ಓಟದ ಶೂ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟ.

ಲೂರ್ದಮ್ಮನವರು ಮಾತ್ರ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು, ತಮ್ಮ ಚಪ್ಪಲಿಯನ್ನು ಅದರಲ್ಲಿ ಹಾಕಿ ಗಂಟು ಕಟ್ಟಿ ಕಂಕುಳಲ್ಲಿಟ್ಟುಕೊಂಡರು.

"ಅತ್ತೇ, ಇದು ಜರ್ಮನಿ. ಇಲ್ಲಿ ಯಾರೂ ಕದಿಯಲ್ಲ."

"ಕದಿಯದೇ ಇರೋ ಊರಲ್ಲೂ ಕಾಲು ಒಂದೇ ಜೊತೆ ಇರೋದು" ಎಂದರು ಲೂರ್ದಮ್ಮನವರು.

ಪೂಜೆ ಮುಗಿಸಿ ಹೊರಗೆ ಬಂದಾಗ ಶೂ ಇರಲಿಲ್ಲ. ಪೆಟ್ಟಿಗೆಯೂ ಇರಲಿಲ್ಲ. ಅದಿದ್ದ ಜಾಗವನ್ನು ಯಾರೋ ಗುಡಿಸಿ ಬೇರೆ ಇಟ್ಟಿದ್ದರು. ಜರ್ಮನಿಯಲ್ಲಿ ಕದಿಯುವುದಿಲ್ಲ ಎಂಬ ಮಾತು ನಿಜವೇ. ಅದು ಬಡವರಿಗಾಗಿ ಹಳೆಯ ಶೂ ಸಂಗ್ರಹಿಸುವ ಪೆಟ್ಟಿಗೆ, ಸರಿಯಾಗಿ ಹತ್ತೂವರೆಗೆ ವ್ಯಾನು ಬಂದು ಒಯ್ದಿತ್ತು.

ಇನ್ನಾಸಿ ಕಾಲುಚೀಲದಲ್ಲಿ ನಿಂತು ಕಣ್ಣು ಬಿಡುತ್ತಿರುವಾಗ ಅವನ ಕೆಳಗಿನ ಮನೆಯಲ್ಲೇ ಇರುವ, ಚರ್ಚಿನ ಕಚೇರಿಯನ್ನು ಇಪ್ಪತ್ತು ವರ್ಷದಿಂದ ಆಳುತ್ತಿರುವ ಫ್ರಾವ್ ಬ್ರೆಂಡೆಲ್ ಎದೆಯ ಮೇಲೆ ಕೈಯಿಟ್ಟುಕೊಂಡು ಬಂದರು. ಆಕೆ ಒಂದೇ ಉಸಿರಿನಲ್ಲಿ ಜರ್ಮನ್ನಿನಲ್ಲಿ ಹೇಳಿದ್ದಕ್ಕೆಲ್ಲ ಇನ್ನಾಸಿ ಅಭ್ಯಾಸದಂತೆ "ಯಾ, ಯಾ, ಗೆನಾವ್" ಎಂದ. ಆರು ವರ್ಷದ ಜರ್ಮನಿವಾಸದಲ್ಲಿ ಆತ ಕಲಿತ ಮೂರು ಮಾತು ಅವೇ. ಅರ್ಥ: ಹೌದು, ಹೌದು, ಅದೇ.

"ಪಪ್ಪಾ, ನೀನು ಯಾಕೆ ಯಾ ಅಂದೆ?" ಉಪದೇಶ ತರಗತಿಯ ಮಕ್ಕಳ ಜೊತೆ ಮೊದಲೇ ಬಂದು ಒಳಗೆ ಕೂತಿದ್ದ ಪವಿ ಅವನ ತೋಳು ಜಗ್ಗಿದಳು.

"ಏನಂತೆ?"

"ನೀನು ಬೇಕಂತಾನೇ ಕಾಲಲ್ಲಿದ್ದ ನಿನ್ನ ಹೊಸ ಶೂ ಬಡವರಿಗೆ ಕೊಟ್ಟೆ ಅಂತ ಅವರು ಅಂದ್ಕೊಂಡಿದ್ದಾರೆ. ಆಮೇಲೆ, ಈಸ್ಟರ್ ವರೆಗೂ ಶೂ ಫಾಸ್ಟೆನ್ ಮಾಡ್ತೀಯಾ ಅಂತ ಕೇಳಿದ್ರು. ಯೂ ಸೆಡ್ ಯಾ!"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫಾಸ್ಟೆನ್ ಎಂದರೆ ಜರ್ಮನ್ನಿನಲ್ಲಿ ಉಪವಾಸ, ವ್ರತವಾಗಿ ಏನನ್ನಾದರೂ ಬಿಡುವುದು. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಬಂದರೆ ಅಲ್ಲಿನವರು ಪ್ರತಿಯೊಬ್ಬರೂ ಏನಾದರೊಂದನ್ನು ಬಿಡುತ್ತಾರೆ. ಒಬ್ಬರು ಚಾಕಲೇಟು ಬಿಟ್ಟರೆ ಇನ್ನೊಬ್ಬರು ಬಿಯರು, ಮತ್ತೊಬ್ಬರು ಕಾರು. ಬಿಟ್ಟದ್ದನ್ನು ಹಲ್ಲುನೋವಿನ ಹಾಗೆ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ. ಆದರೆ ಊರಿಗೆ ಊರೇ ಶೂ ಕಂಪನಿಗಳ ಅನ್ನ ತಿನ್ನುವ, ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಕಾಲು ನೋಡುವ ಆ ಸೀಮೆಯಲ್ಲಿ ಶೂವನ್ನೇ ಬಿಟ್ಟ ಮನುಷ್ಯನನ್ನು ಯಾರೂ ಕಂಡಿರಲಿಲ್ಲ.

ಆಗಲೂ ಇನ್ನಾಸಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅತ್ತೆ ನೋಡುತ್ತಿದ್ದರು. ಸುತ್ತ ಹತ್ತು ಜನ ಜರ್ಮನ್ನರು ಅಳಿಯನ ಕೈ ಕುಲುಕುತ್ತಿದ್ದರು. ಇನ್ನಾಸಿ ಕಣ್ಣನ್ನು ಅರ್ಧ ಮುಚ್ಚಿ, "ನಾನೇ ಕೊಟ್ಟೆ ಅತ್ತೆ. ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗ್ಬಾರ್ದು ಅಂತಾರಲ್ಲ. ಅದಕ್ಕೇ ನಿಮಗೆ ಹೇಳ್ಲಿಲ್ಲ" ಎಂದ.

ಲೂರ್ದಮ್ಮನವರು ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. "ದೊಡ್ಡ ವ್ರತ ಹಿಡಿದಿದ್ದೀರಿ. ಹಿಡಿದ ಮೇಲೆ ಕಾಲುಚೀಲ ಯಾಕೆ? ಅದನ್ನೂ ಬಿಚ್ಚಿ" ಎಂದರು.

ಹೀಗೆ ಶುರುವಾಯಿತು ನಮ್ಮ ಇನ್ನಾಸಿಯ ತಪಸ್ಸು.

ಫ್ರಾವ್ ಬ್ರೆಂಡೆಲ್‌ಗೆ ಕಿಟಕಿಯಲ್ಲಿ ದಿಂಬು ಹಾಕಿ, ಅದರ ಮೇಲೆ ಮೊಣಕೈ ಊರಿ ಬೀದಿ ನೋಡುವ ಅಭ್ಯಾಸ. ಹಾಗಾಗಿ ಮನೆ ಬಾಗಿಲಿಂದ ಬೀದಿಯ ತಿರುವಿನವರೆಗೆ, ನೂರಿಪ್ಪತ್ತು ಹೆಜ್ಜೆ, ಇನ್ನಾಸಿ ಹಿಮ ಕರಗಿದ ಕೆಸರಿನಲ್ಲಿ ಬರಿಗಾಲಲ್ಲಿ ನಡೆಯಬೇಕು. ತಿರುವು ದಾಟಿದ ಮೇಲೆ ಬಸ್‌ಸ್ಟಾಪಿನ ಗಾಜಿನ ಹಿಂದೆ ಕೂತು, ಊಟದ ಬ್ಯಾಗಿನಿಂದ ಹಳೆಯ ಶೂ ತೆಗೆದು ಹಾಕಿಕೊಳ್ಳಬೇಕು. ಶೂ ಇದ್ದ ಬ್ಯಾಗಿನಲ್ಲೇ ಚಿತ್ರಾನ್ನವೂ ಇರುತ್ತಿತ್ತು. ಮೂರನೆಯ ದಿನ ಸಹೋದ್ಯೋಗಿ, ಮೈಸೂರಿನ ಗಿರಿಧರ್ ಅದನ್ನು ಕಂಡುಹಿಡಿದ.

"ಏನ್ ಗುರೂ ಇದು? ಚಿತ್ರಾನ್ನ ಶೂ ಪಾಲಿಶ್ ವಾಸ್ನೆ ಹೊಡೀತಿದೆ!"

ಇನ್ನಾಸಿ ಎಲ್ಲವನ್ನೂ ಹೇಳಿದ. ಗಿರಿಧರ್ ನಕ್ಕು ನಕ್ಕು ಕ್ಯಾಂಟೀನಿನ ಮೇಜು ಹಿಡಿದುಕೊಂಡ.

"ನಾವು ಶಬರಿಮಲೆಗೆ ಮಾಲೆ ಹಾಕಿದ್ರೂ ನಲವತ್ತೊಂದು ದಿನ ಅಂತ ಮೊದ್ಲೇ ಲೆಕ್ಕ ಇರ್ತದೆ ಮಗಾ. ನಿಂದು ಯಾರೋ ಹೆಂಗಸು ಕೇಳಿದ್ಳು, ನೀನು ಯಾ ಅಂದೆ. ಇದೂ ಒಂದು ವ್ರತಾನಾ? ಹೋಗಿ ಸತ್ಯ ಹೇಳು."

"ಯಾರಿಗೆ?"

"ನಿಮ್ಮಲ್ಲಿ ಅದಕ್ಕೇಂತಲೇ ಒಂದು ಗೂಡು ಇರ್ತದಲ್ಲೋ! ನಮ್ಮಲ್ಲಿಲ್ಲ ಅಂತ ನಾನು ಹೊಟ್ಟೆ ಉರ್ಕೊಂತೀನಿ. ನಾನು ತಪ್ಪು ಮಾಡಿದ್ರೆ ಹೆಂಡ್ತಿಗೇ ಹೇಳ್ಬೇಕು, ಅವಳು ಕ್ಷಮಿಸೋದೂ ಇಲ್ಲ, ಮರೆಯೋದೂ ಇಲ್ಲ."

ಅಷ್ಟರಲ್ಲಿ ಸುದ್ದಿ ಕೈಮೀರಿತ್ತು. ಬೇಕರಿಯಾಕೆ ಬ್ರೆಡ್ಡಿನ ಜೊತೆ ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಡಲು ಬಂದು, 'ಬೇಡ, ಇದು ವ್ರತ ಕೆಡಿಸುವ ಪ್ರಲೋಭನೆಯಾದೀತು' ಎಂದು ತಾನೇ ವಾಪಸ್ಸು ಇಟ್ಟುಕೊಂಡಳು. ಗಂಟೆ ಹೊಡೆಯುವ ಮೆಸ್ನರ್ ಮುದುಕರು, ಅಂದು ಬಾಗಿಲು ಎಳೆದವರು ಅವರೇ, ಇನ್ನಾಸಿಯನ್ನು ನೋಡಿ ನಾಚಿ ಬಿಯರಿನ ಜೊತೆ ಸಾಸೇಜನ್ನೂ ಬಿಟ್ಟರು. ಚರ್ಚಿನ ವಾರಪತ್ರದಲ್ಲಿ ಇನ್ನಾಸಿಯ ಎರಡು ಪಾದಗಳ ಫೋಟೋ ಬಂತು. ಮುಖ ಹಾಕಲಿಲ್ಲ, ವಿನಯಕ್ಕೆ ಭಂಗ ಬಾರದಿರಲೆಂದು. ಲೂರ್ದಮ್ಮನವರು ಆ ಫೋಟೋ ಹಿಡಿದು ಊರಿಗೆ ವಿಡಿಯೋ ಕಾಲ್ ಮಾಡಿ ಮಾತಾಡುವುದು ಅಡುಗೆಮನೆಯಿಂದ ಕೇಳುತ್ತಿತ್ತು.

"ಹೂಂ ಕಣಮ್ಮ, ನಮ್ಮ ಅಳಿಯಂದ್ರದೇ ಪಾದ. ಹೆಬ್ಬೆರಳು ನೋಡಿದ್ರೆ ಗೊತ್ತಾಗಲ್ವಾ? ಬಿಷಪ್ಪರೇ ಬಂದು ನೋಡ್ಕೊಂಡು ಹೋದ್ರು!"

ಯಾವ ಬಿಷಪ್ಪರೂ ಬಂದಿರಲಿಲ್ಲ. ಇನ್ನಾಸಿ ಸೀನಿದ. ಎರಡು ವಾರದಲ್ಲಿ ಅವನಿಗೆ ಮೂರನೆಯ ನೆಗಡಿ.

ಬಿಸಿನೀರಿನ ಬೋಗುಣಿಯಲ್ಲಿ ಅವನ ಕಾಲಿಡಿಸಿ ಲಾವಣ್ಯಾ ಹೇಳಿದಳು: "ರೀ, ಆಸ್ಪತ್ರೇಲಿ ದಿನಾ ನೋಡ್ತೀನಿ. ನೋವು ಎಲ್ಲಿ ಅಂತ ಹೇಳ್ದೆ ಇರೋ ಪೇಶೆಂಟೇ ಜಾಸ್ತಿ ದಿನ ಮಲಗೋದು. ಹೋಗಿ ಹೇಳ್ಬಾರ್ದಾ?"

ಮಾರನೆಯ ದಿನ ಇನ್ನಾಸಿ ಪವಿಯನ್ನು ದುಭಾಷಿಯಾಗಿ ಕರೆದುಕೊಂಡು ಚರ್ಚಿನ ಕಚೇರಿಗೆ ಹೋದ.

"ಪಾಪನಿವೇದನೆಯಾ?" ಫ್ರಾವ್ ಬ್ರೆಂಡೆಲ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಿಮಗೆ? ಟೆರ್ಮೀನ್ ಇದೆಯಾ?"

ಟೆರ್ಮೀನ್ ಎಂದರೆ ಮುಂಗಡ ಗೊತ್ತುಪಡಿಸಿದ ಸಮಯ. ಅದಿಲ್ಲದೆ ಅಲ್ಲಿ ಹಲ್ಲೂ ಕೀಳುವುದಿಲ್ಲ, ಕೂದಲೂ ಕತ್ತರಿಸುವುದಿಲ್ಲ, ಪಾಪವೂ ಹೋಗುವುದಿಲ್ಲ. ಆಕೆ ದಪ್ಪ ದಿನಚರಿ ತೆಗೆದು ಹಾಳೆ ಮಗುಚಿದರು. ಪಾಪನಿವೇದನೆಯ ಕಾಲಂ ಹಿಂದಕ್ಕೆ ಹೋದಷ್ಟೂ ಖಾಲಿ. ಕೊನೆಗೆ ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಹಿಂದಿನ ಶನಿವಾರ, ಸಂಜೆ ನಾಲ್ಕೂವರೆ ಎಂದು ಬರೆದರು.

"ಎಷ್ಟು ಹೊತ್ತು ಬೇಕು? ಹದಿನೈದು ನಿಮಿಷ ಸಾಕಾ?"

ಪವಿ ಅನುವಾದಿಸಿದಳು. ಇನ್ನಾಸಿ ಮನಸ್ಸಿನಲ್ಲೇ ಹನ್ನೊಂದು ವರ್ಷವನ್ನು ಗುಣಿಸಿ, "ಅರ್ಧ ಗಂಟೆ ಹಾಕಮ್ಮ" ಎಂದ.

ಆದರೆ ಗೂಡೇ ಇರಲಿಲ್ಲ. ಅಂದರೆ, ಇತ್ತು, ಒಳಗೆ ಹೋಗಲು ಜಾಗವಿರಲಿಲ್ಲ. ಪಾಪನಿವೇದನೆಯ ಆ ಹಳೆಯ ಮರದ ಗೂಡಿನಲ್ಲಿ ವ್ಯಾಕ್ಯೂಮ್ ಕ್ಲೀನರು, ಮಡಚುವ ಕುರ್ಚಿಗಳು, ಕ್ರಿಸ್ಮಸ್ ಗೋದಲಿಯ ಮರದ ಗೊಂಬೆಗಳು: ಮೂರು ಕುರುಬರು, ಒಂದು ಒಂಟೆ. ಶುಕ್ರವಾರ ಅದನ್ನು ಖಾಲಿ ಮಾಡಲು ಎಂಟು ಜನ ಸೇರಿದರು. ಒಂಟೆಯನ್ನು ಹೊರಗೆ ಹೊರುವಾಗ ಬೇಕರಿಯಾಕೆ ಮೆಸ್ನರ್‌ರನ್ನು ಕೇಳಿದಳಂತೆ: "ಅಂಥ ಮನುಷ್ಯನಿಗೇ ಪಾಪನಿವೇದನೆ ಬೇಕು ಅಂದ್ರೆ, ನಮ್ಮ ಗತಿ ಏನು?" ಈ ಪ್ರಶ್ನೆ ಸಂಜೆಯ ಹೊತ್ತಿಗೆ ಊರೆಲ್ಲ ಸುತ್ತಿತು.

ಶನಿವಾರ ನಾಲ್ಕೂವರೆಗೆ ಇನ್ನಾಸಿ ಬಂದರೆ ಗೂಡಿನ ಮುಂದೆ ಇಪ್ಪತ್ತೆರಡು ಜನರ ಸಾಲು. ಅವನನ್ನು ಕಂಡು ಎಲ್ಲರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮುಂದಿನ ಬೆಂಚಿನಲ್ಲಿ ಲೂರ್ದಮ್ಮನವರು ಜಪಸರ ಎಣಿಸುತ್ತಾ ಕೂತಿದ್ದರು, ಪಕ್ಕದಲ್ಲಿ ಪವಿ. ಇನ್ನಾಸಿ ಬರಿಗಾಲಲ್ಲಿ, ಬೆನ್ನಿಗೆ ಬ್ಯಾಗು ಹಾಕಿಕೊಂಡು ಒಳಗೆ ಹೋಗಿ ಮೊಣಕಾಲೂರಿದ. ಬ್ಯಾಗಿನಲ್ಲಿ ಶೂ.

ಇಲ್ಲಿ ಅವನದೊಂದು ಉಪಾಯವಿತ್ತು. ಎಲ್ಲವನ್ನೂ ಕನ್ನಡದಲ್ಲಿ ಹೇಳಿಬಿಡುವುದು. ದೇವರಿಗೆ ಕನ್ನಡ ಬರುತ್ತದೆ. ಜರ್ಮನ್ ಗುರುಗಳಿಗೆ ಬರುವುದಿಲ್ಲ. ಕ್ಷಮೆಯೂ ಸಿಕ್ಕಿತು, ಮಾನವೂ ಉಳಿಯಿತು.

ಜಾಲರಿಯ ಆಚೆ ಒಂದು ನೆರಳು ಕೆಮ್ಮಿತು. ಇನ್ನಾಸಿ ಪಿಸುದನಿಯಲ್ಲಿ ಶುರುಮಾಡಿದ. ಹನ್ನೊಂದು ವರ್ಷದಿಂದ ಬಂದಿಲ್ಲ. ಭಾನುವಾರ ಹಾಸಿಗೆಯಲ್ಲಿ. ಮಗಳನ್ನು ಉಪದೇಶ ತರಗತಿಗೆ ಬಿಟ್ಟು ಕಾರಿನಲ್ಲಿ ಕೂತು ಕಾಫಿ. ಅತ್ತೆಗೆ ಸುಳ್ಳು. ಆ ಸುಳ್ಳಿಗೆ ಇನ್ನೊಂದು ಸುಳ್ಳು. ಶೂ. ಬಸ್‌ಸ್ಟಾಪು. ಚಿತ್ರಾನ್ನ. ಹೆಂಡತಿಯ ಮೇಲೆ ರೇಗಿದ್ದು. ಮೊದಮೊದಲು ಲೆಕ್ಕ ಒಪ್ಪಿಸಿದ ಹಾಗಿತ್ತು. ಬರುಬರುತ್ತಾ ಲೆಕ್ಕ ಬಿಟ್ಟು ಮಾತಾಡಿದ. "ಬರಬಾರ್ದು ಅಂತೇನಲ್ಲ, ಸ್ವಾಮೀ. ಒಂದು ವಾರ ತಪ್ತು. ಆಮೇಲೆ ಒಂದು ತಿಂಗಳು. ಆಮೇಲೆ ಯಾವ ಮುಖ ಇಟ್ಕೊಂಡು ಬರೋದು ಅಂತ ನಾಚಿಕೆ ಆಯ್ತು. ಅಷ್ಟೇ."

ಆಮೇಲೆ ನೆರಳು ಹೇಳಿತು:

"ಚಿತ್ರಾನ್ನಕ್ಕೆ ನಿಂಬೆಹಣ್ಣಾ, ಮಾವಿನಕಾಯಾ?"

ಇನ್ನಾಸಿಯ ತಲೆ ಗೂಡಿನ ಚಾವಣಿಗೆ ಬಡಿಯಿತು. ಹೊರಗಿನವರಿಗೆ ಕೇಳಿಸುವಷ್ಟು.

"ಫಾದರ್, ನಿಮಗೆ... ಕನ್ನಡ?"

"ನಮ್ಮದು ತ್ರಿಶೂರು. ಫಾದರ್ ಆಗೋಕೆ ಗುರುಮಠದಲ್ಲಿ ಓದಿದ್ದು ಬೆಂಗಳೂರಲ್ಲಿ, ಎಂಟು ವರ್ಷ. ನನ್ನ ಕನ್ನಡ ಎಲ್ಲಾ ಸಿಟಿ ಬಸ್ಸಲ್ಲಿ ಕಲಿತದ್ದು, ತಪ್ಪಿದ್ರೆ ಕ್ಷಮಿಸ್ಬೇಕು. ಇಲ್ಲಿನ ಗುರುಗಳು ಸಾಲು ನೋಡಿ ಹೆದರಿ ಪಕ್ಕದೂರಿಂದ ನನ್ನನ್ನ ಕರೆಸಿದ್ರು."

"ಫಾದರ್, ಇದು ಯಾರಿಗೂ..."

"ಇಲ್ಲಿ ಕೇಳಿದ್ದು ಇಲ್ಲೇ. ಚಿತ್ರಾನ್ನದ ವಿಷಯವೂ." ನೆರಳು ಜಾಲರಿಗೆ ಹತ್ತಿರ ಬಂತು. "ನೋಡಿ, ಈ ಗೂಡು ಒಳ್ಳೆಯವರಿಗೆ ಅಂತ ಕಟ್ಟಿದ್ದಲ್ಲ. ಅವರಿಗೇ ಆಗಿದ್ರೆ ಇಷ್ಟು ಗಟ್ಟಿ ಮರ ಬೇಕಿತ್ತಾ? ಎಷ್ಟು ಜನ ಒರಗಿ ಅತ್ತಿದ್ದಾರೆ, ಬೀಳಬಾರ್ದು ಅಂತ ಗಟ್ಟಿಯಾಗಿ ಮಾಡಿದ್ದಾರೆ. ನೀವು ಬಂದ್ರಿ. ಸಾಕು. ಪ್ರಾಯಶ್ಚಿತ್ತಕ್ಕೆ ಮೂರು ಪರಲೋಕ ಮಂತ್ರ, ಮೂರು ನಮೋ ಮರಿಯ ಹೇಳಿ. ಆಮೇಲೆ ಶೂ ಹಾಕ್ಕೊಳ್ಳಿ."

"ಎಲ್ಲಿ?"

"ಇಲ್ಲೇ. ಹಾಕ್ಕೊಂಡು ಹೊರಗೆ ಹೋಗಿ."

"ಫಾದರ್, ಎಲ್ಲಾ ನೋಡ್ತಾರೆ!"

"ಶೂ ಬಿಡೋದು ಅವರಿಗೆಲ್ಲ ತಪಸ್ಸು. ಹಾಕ್ಕೊಳ್ಳೋದು ನಿಮಗೆ" ಎಂದು ಹೇಳಿ, ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ಹನ್ನೊಂದು ವರ್ಷದ ಹೊರೆಯನ್ನು ಅರ್ಧ ನಿಮಿಷದಲ್ಲಿ ಇಳಿಸಿಬಿಟ್ಟರು.

ಕತ್ತಲಲ್ಲಿ, ಎರಡಡಿ ಅಗಲದ ಜಾಗದಲ್ಲಿ, ನಲವತ್ತೆರಡು ವರ್ಷದ ಮನುಷ್ಯ ಲೇಸಿರುವ ಶೂ ಹಾಕಿಕೊಳ್ಳುವುದು ಸುಲಭವಲ್ಲ. ಧಡ್ ಎಂದಿತು. ಮತ್ತೆ ಧಡ್. ಗೂಡು ಅಲುಗಿತು. ಹೊರಗಿದ್ದ ಇಪ್ಪತ್ತೆರಡು ಜನರೂ ಶಿಲುಬೆಯ ಗುರುತು ಹಾಕಿಕೊಂಡರು. ಸೈತಾನನ ಜೊತೆ ಎಂಥ ಕುಸ್ತಿ ನಡೆದಿದೆಯೋ!

ಬಾಗಿಲು ತೆರೆಯಿತು. ಇನ್ನಾಸಿ ಬಂದ. ಕಾಲಲ್ಲಿ ಶೂ, ಎಡಗಾಲಿನದು ಬಲಗಾಲಿಗೆ.

"ಶೂ!" ಎಂದರು ಫ್ರಾವ್ ಬ್ರೆಂಡೆಲ್. ಆ ಮಾತಿಗೆ ಅನುವಾದ ಬೇಕಾಗಲಿಲ್ಲ.

"ಪವಿ, ಬಾಮ್ಮ. ನಾನು ಹೇಳಿದ್ದನ್ನ ಹಾಗೇ ಹೇಳು, ಏನೂ ಸೇರಿಸ್ಬೇಡ, ಬಿಡ್ಬೇಡ. ನಾನು ತಪಸ್ವಿ ಅಲ್ಲ. ಅದು ದಾನದ ಪೆಟ್ಟಿಗೆ ಅಂತ ನಂಗೆ ಗೊತ್ತಿರ್ಲಿಲ್ಲ. ನಮ್ಮೂರಲ್ಲಿ ಶೂ ಬಿಟ್ಟು ಒಳಗೆ ಹೋಗ್ತೀವಿ, ಇಲ್ಲೂ ಹಾಗೇ ಅಂದ್ಕೊಂಡೆ. ಬಸ್‌ಸ್ಟಾಪಲ್ಲಿ ದಿನಾ ಶೂ ಹಾಕ್ಕೊತಿದ್ದೆ. ಈ ಆರು ವರ್ಷದಲ್ಲಿ ಈ ಚರ್ಚೊಳಗೆ ನಾನು ಬಂದಿದ್ದು ಅದೇ ಮೊದಲು."

ಪವಿ ಅದನ್ನು ಜರ್ಮನ್ನಿನಲ್ಲಿ, ತರಗತಿಯಲ್ಲಿ ಪಾಠ ಒಪ್ಪಿಸುವಂತೆ, ಚಿತ್ರಾನ್ನವನ್ನು ತಾನಾಗಿಯೇ ಸೇರಿಸಿ, ಹೇಳಿ ಮುಗಿಸಿದಳು.

ಫ್ರಾವ್ ಬ್ರೆಂಡೆಲ್ ಕೆಂಪಾದರು. ಇನ್ನಾಸಿ ಕಣ್ಣು ಮುಚ್ಚಿಕೊಂಡ. ಆಕೆ ಮೆಲ್ಲಗೆ ಏನೋ ಹೇಳಿದರು. ಪವಿ ಕಿಸಕ್ಕನೆ ನಕ್ಕಳು.

"ಪಪ್ಪಾ, ಅವರು ಈ ಸಲ ಚಾಕಲೇಟ್ ಬಿಟ್ಟಿದ್ದೀನಿ ಅಂತ ಎಲ್ಲರಿಗೂ ಹೇಳಿದ್ರಂತೆ. ಆಫೀಸಿನ ಬೀರುವಲ್ಲಿ ಕೆ ಅಕ್ಷರದ ಫೈಲ್ ಹಿಂದೆ ಇಟ್ಕೊಂಡು ತಿಂತಿದ್ರಂತೆ!"

ಮೆಸ್ನರ್ ಸಾಸೇಜಿನ ಬಗ್ಗೆ ಏನೋ ಗೊಣಗಿದರು. ಬೇಕರಿಯಾಕೆ ಬಾಯಿಗೆ ಕೈ ಅಡ್ಡ ಹಿಡಿದಳು, ಆದರೂ ನಗೆ ಬೆರಳ ಸಂದಿಯಿಂದ ಹೊರಬಂತು. ಒಬ್ಬರಿಂದ ಒಬ್ಬರಿಗೆ ಹತ್ತಿ ಇಡೀ ಸಾಲು ನಕ್ಕಿತು. ನಕ್ಕು, ಯಾರೂ ಮನೆಗೆ ಹೋಗಲಿಲ್ಲ. ಮೊದಲು 'ನೀವು ಮುಂದೆ, ನೀವು ಮುಂದೆ' ಎನ್ನುತ್ತಿದ್ದವರು ಈಗ 'ನಾನು ಮೊದಲು' ಎನ್ನತೊಡಗಿದರು.

ಇನ್ನಾಸಿ ಮುಂದಿನ ಬೆಂಚಿಗೆ ಹೋಗಿ ತಲೆ ತಗ್ಗಿಸಿ ನಿಂತ. "ಅತ್ತೇ..."

"ಗೊತ್ತು."

"ಏನು ಗೊತ್ತು?"

"ಆರು ವರ್ಷದಿಂದ ಪ್ರತಿ ವಾರ ಬರೋ ಮನುಷ್ಯನಿಗೆ ಬಾಗಿಲು ತಳ್ಳೋದಾ ಎಳೆಯೋದಾ ಗೊತ್ತಿರಲ್ವಾ, ಅಳಿಯಂದ್ರೇ?"

"ಮತ್ತೆ ಕಾಲುಚೀಲಾನೂ ಬಿಚ್ಚಿಸಿದ್ರಲ್ಲ!"

"ಕಾಲು ತಣ್ಣಗಾದ್ರೆ ಮನುಷ್ಯ ಬೆಚ್ಚಗಿನ ಕಡೆ ಓಡಿಬರ್ತಾನೆ ಅಂತ." ಲೂರ್ದಮ್ಮನವರು ಜಪಸರ ಮಡಚಿ ಎದ್ದರು. "ಸರೀರಿ, ದಾರಿ ಬಿಡಿ. ನಾನೂ ಸಾಲಿಗೆ ನಿಲ್ಬೇಕು."

"ನೀವ್ಯಾಕೆ ಅತ್ತೆ?"

"ಬಿಷಪ್ಪರು ಬಂದಿದ್ರು ಅಂತ ಊರಿಗೆಲ್ಲ ಹೇಳಿದ್ದೀನಲ್ಲ!"

ಕೊನೆಗೂ ಪವಿಯ ಭಾನುವಾರ ಬಂತು. ಇನ್ನಾಸಿ ಅಂದು ಕೋಟು ತೊಟ್ಟು, ಹೊಳೆಯುವ ಕರಿ ಶೂ ಹಾಕಿ, ಚರ್ಚಿನ ಬಾಗಿಲನ್ನು ಒಂದೇ ಏಟಿಗೆ ಸರಿಯಾಗಿ ಎಳೆದ. ಎಳೆದು ಅಲ್ಲೇ ನಿಂತ.

ಮೊಗಸಾಲೆಯ ತುಂಬಾ ಶೂ. ಇನ್ನೂರು ಜೊತೆ ಇರಬಹುದು. ಒಂದು ಕೂದಲೆಳೆಯಷ್ಟೂ ಡೊಂಕಿಲ್ಲದ ಸಾಲಿನಲ್ಲಿ, ಪ್ರತಿ ಜೊತೆಗೂ ನಂಬರಿನ ಚೀಟಿ. ಬಿಲ್ಲೆ ಕೊಡಲು ಮೆಸ್ನರ್ ಮೇಜು ಹಾಕಿಕೊಂಡು ಕೂತಿದ್ದರು. ಮೇಲೆ ದೊಡ್ಡ ಬೋರ್ಡು.

"ಏನು ಬರೆದಿದೆ ಪವಿ?"

"'ಇದು ದಾನದ ಪೆಟ್ಟಿಗೆ ಅಲ್ಲ' ಅಂತ. ಆಮೇಲೆ, 'ಇವತ್ತು ನಾವು ಹೆರ್ ಇಗ್ನಾಟ್ಸಿಯಸ್ ಊರಿನ ಥರ ಒಳಗೆ ಹೋಗ್ತೀವಿ' ಅಂತ. ಅಂದ್ರೆ ನಿನ್ನೂರು, ಪಪ್ಪಾ! ನಮ್ಮ ಕ್ಲಾಸೋರ ಐಡಿಯಾ!"

ಒಳಗೆ ಇಡೀ ಊರು ಕಾಲುಚೀಲದಲ್ಲಿ ಕೂತಿತ್ತು. ಚುಕ್ಕಿಯವು, ಪಟ್ಟೆಯವು, ಫ್ರಾವ್ ಬ್ರೆಂಡೆಲ್‌ರವು ಹಸಿರು ಉಣ್ಣೆಯವು. ಶೂ ಹಾಕಿಕೊಂಡು ನಿಂತವನು ಇನ್ನಾಸಿ ಒಬ್ಬನೇ.

"ಬಿಚ್ಚಿ ಮತ್ತೆ" ಎಂದಳು ಲಾವಣ್ಯಾ.

ಇನ್ನಾಸಿ ಅವಳ ಕಿವಿಯಲ್ಲಿ ಹೇಳಿದ: "ಬಲಗಾಲಿನ ಕಾಲುಚೀಲ ತೂತು ಕಣೇ. ಶೂ ಒಳಗೆ ಯಾರು ನೋಡ್ತಾರೆ ಅಂತ ಹಾಕ್ಕೊಂಡು ಬಂದೆ."

ಲೂರ್ದಮ್ಮನವರಿಗೆ ಅದೂ ಕೇಳಿಸಿತು. ಕೈಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದು ಅಳಿಯನ ಕೈಗಿಟ್ಟರು. "ಶೂ ಇದರಲ್ಲಿ ಹಾಕ್ಕೊಳ್ಳಿ. ತೂತು ಹಾಗೇ ಬರ್ಲಿ. ಒಳಗಿರೋನು ನೋಡದೇ ಇರೋ ತೂತಾ ಅದು?"

ಪೂಜೆಯಲ್ಲಿ ಪರಮಪ್ರಸಾದದ ಗಂಟೆ ಮೊಳಗಿತು. ಜನ ಎದ್ದರು. ಬಿಳಿ ಗೌನಿನ ಪವಿ, ಅವಳ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಲಾವಣ್ಯಾ, ಅವಳ ಹಿಂದೆ ಕಂಕುಳಲ್ಲಿ ಕವರ್ ಇಟ್ಟುಕೊಂಡ ಇನ್ನಾಸಿ. ತಣ್ಣನೆಯ ಕಲ್ಲಿನ ಮೇಲೆ ನಾಲ್ವರೂ ಒಂದೇ ಸಾಲಿನಲ್ಲಿ ಮುಂದೆ ಮುಂದೆ ಹೋದರು. ಇನ್ನಾಸಿಯ ಸರದಿ ಬಂದಾಗ ಅವನ ಬಲಗಾಲಿನ ಹೆಬ್ಬೆರಳು ಕಾಲುಚೀಲದಿಂದ ಪೂರ್ತಿಯಾಗಿ ಹೊರಗೆ ಬಂದು, ವಾರಪತ್ರದಲ್ಲಿ ಅದನ್ನು ಮೊದಲೇ ನೋಡಿದ್ದ ಇನ್ನೂರು ಜನರೆದುರು ಬಲಿಪೀಠದ ಮುಂದೆ ನೆಟ್ಟಗೆ ನಿಂತಿತು.